ಮೂರು ನಿಮಿಷದ ಮೈಕು, ಆರು ಗಂಟೆಯ ಸಿನಿಮಾ

2024ರ ಮೇ 1. ಜಪಾನಿನ ದಕ್ಷಿಣದ ಕ್ಯೂಶು ದ್ವೀಪದಲ್ಲಿರುವ ಮಿನಮಾಟ ಎಂಬ ಊರು. ಪಾದರಸದ ವಿಷದಿಂದ ಬಂದ ಮಿನಮಾಟ ರೋಗಕ್ಕೆ ಸತ್ತವರ ನೆನಪಿನ ಸಭೆ ಆಗಷ್ಟೇ ಮುಗಿದಿತ್ತು. ಆಮೇಲೆ ಪರಿಸರ ಸಚಿವ ಶಿಂತಾರೊ ಇತೊ ಅವರ ಜೊತೆ ರೋಗಿಗಳ ಸಂಘಗಳ ಮಾತುಕತೆ. ಒಬ್ಬೊಬ್ಬರಿಗೆ 3 ನಿಮಿಷ. ವಯಸ್ಸಾದ ಒಬ್ಬರು ಹಿಂದಿನ ವರ್ಷ ತೀರಿಕೊಂಡ ತಮ್ಮ ಹೆಂಡತಿ ಎಷ್ಟು ನರಳಿದಳು ಅಂತ ಹೇಳುತ್ತಿದ್ದರು. ಮೂರು ನಿಮಿಷ ದಾಟಿತು. ಅವರು ಇನ್ನೂ ಮಾತಾಡುತ್ತಲೇ ಇದ್ದರು. ಮೈಕು ನಿಂತು ಹೋಯಿತು. ಸಚಿವಾಲಯದ ಸಿಬ್ಬಂದಿಯೇ ಅದನ್ನು ಆಫ್ ಮಾಡಿದ್ದರು.

ಜಪಾನಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಮೇ 8ರಂದು ಸಚಿವರು ಮತ್ತೆ ಮಿನಮಾಟಕ್ಕೆ ಬಂದು ಆ ಹಿರಿಯರ ಎದುರು ತಲೆಬಾಗಿ ಕ್ಷಮೆ ಕೇಳಿದರು. ಜುಲೈನಲ್ಲಿ ಇನ್ನೊಮ್ಮೆ ಬಂದು ಎಲ್ಲರ ಮಾತು ಕೇಳಿದರು.

ಈ ಸುದ್ದಿ ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಕಜುವೊ ಹಾರಾ ಅವರ ಸಾಕ್ಷ್ಯಚಿತ್ರ ‘ಮಿನಮಾಟ ಮಂಡಲ’. 2020ರ ಚಿತ್ರ. ಉದ್ದ 372 ನಿಮಿಷ, ಅಂದರೆ ಆರು ಗಂಟೆಗೂ ಜಾಸ್ತಿ. ಚಿತ್ರೀಕರಣಕ್ಕೆ 15 ವರ್ಷ, ಸಂಕಲನಕ್ಕೆ 5 ವರ್ಷ. ಇಷ್ಟುದ್ದದ ಸಿನಿಮಾ ಯಾಕೆ ಬೇಕಿತ್ತು ಅಂತ ಯಾರಾದರೂ ಕೇಳಿದರೆ, ಮೇ 1ರ ಆ ಸಭೆಯನ್ನೇ ತೋರಿಸಬಹುದು. ಒಬ್ಬ ಮನುಷ್ಯ ತನ್ನ ಮೈಯಲ್ಲಿ ಏನಾಗಿದೆ ಅಂತ ಪೂರ್ತಿ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕು? ಮಿನಮಾಟದ ಇಡೀ ಜಗಳ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತಿದೆ. ಸರ್ಕಾರಕ್ಕೆ ಬೇಕಾದದ್ದು ಅರ್ಜಿ, ವೈದ್ಯಕೀಯ ದಾಖಲೆ, ಹೌದು ಅಥವಾ ಇಲ್ಲ ಅನ್ನುವ ಉತ್ತರ. ಕ್ಯಾಮೆರಾ ಮಾತ್ರ ಜನರ ಮನೆಯಲ್ಲಿ ಕೂತು ಕಾದಿದೆ.

ನಮ್ಮಲ್ಲಿ ಮಿನಮಾಟ ಅಂದರೆ ಪಠ್ಯಪುಸ್ತಕದ ಒಂದು ಸಾಲು. ಪಾದರಸದ ವಿಷ, ಮೀನು, ಜಪಾನ್. ಪರೀಕ್ಷೆಯಲ್ಲಿ ಬರೆದು ಮರೆತುಬಿಡುವಂಥದ್ದು. ಅದು ಮುಗಿದ ಕಥೆ ಅಂತಲೇ ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಆದರೆ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರ ಮೇ 1ರಂದು. 2026ಕ್ಕೆ ಸರಿಯಾಗಿ 70 ವರ್ಷ. ಈಗಲೂ ಜನ ಕೋರ್ಟಿಗೆ ಅಲೆಯುತ್ತಿದ್ದಾರೆ.

ಕಥೆ ಶುರುವಾಗುವುದು ಬೆಕ್ಕುಗಳಿಂದ. ಮೀನುಗಾರರ ಕೇರಿ ಅಂದ ಮೇಲೆ ಬೆಕ್ಕು ಇರಲೇಬೇಕು. ಬಲೆ ಕಡಿಯುವ ಇಲಿಗಳನ್ನು ಹಿಡಿಯಲು ಅವು ಬೇಕು, ಮೀನಿನ ತಲೆ, ಕರುಳು ಅವುಗಳ ಪಾಲು. ನಮ್ಮ ಕರಾವಳಿಯಲ್ಲೂ ಮೀನು ಹೆಚ್ಚುವ ಕಡೆ ಬೆಕ್ಕು ಕಾದು ಕೂತಿರುತ್ತದಲ್ವಾ, ಹಾಗೆಯೇ. ಮಿನಮಾಟದಲ್ಲಿ 1950ರ ದಶಕದಲ್ಲಿ ಆ ಬೆಕ್ಕುಗಳು ತೂರಾಡತೊಡಗಿದವು. ಜೊಲ್ಲು ಸುರಿಸುತ್ತ, ಸುತ್ತು ಸುತ್ತು ತಿರುಗಿ, ಗೋಡೆಗೆ ಡಿಕ್ಕಿ ಹೊಡೆದು ಸಾಯುತ್ತಿದ್ದವು. ಕೆಲವು ಸಮುದ್ರಕ್ಕೆ ಬಿದ್ದವು. ಜನ ಅದಕ್ಕೆ ಬೆಕ್ಕು ಕುಣಿಯುವ ರೋಗ ಅಂತ ಹೆಸರಿಟ್ಟರು. 1954ರ ಆಗಸ್ಟಿನಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಚಿಕ್ಕ ಸುದ್ದಿ ಬಂತು. ಮೋದೊ ಎಂಬ ಕೇರಿಯಲ್ಲಿ ಬೆಕ್ಕುಗಳೆಲ್ಲ ಸತ್ತು ಇಲಿಗಳ ಕಾಟ ಹೆಚ್ಚಾಗಿದೆ, ನಗರಸಭೆ ಏನಾದರೂ ಮಾಡಬೇಕು ಅಂತ ಜನ ಕೇಳಿಕೊಂಡಿದ್ದರು. ದೂರು ಇದ್ದದ್ದು ಇಲಿಗಳ ಮೇಲೆ. ಬೆಕ್ಕುಗಳು ತಿಂದ ಮೀನನ್ನೇ ತಾವೂ ಮೂರು ಹೊತ್ತು ತಿನ್ನುತ್ತಿದ್ದೇವೆ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

1956ರ ಏಪ್ರಿಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ತಂದರು. ನಡೆಯಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಕೆಲವೇ ದಿನಕ್ಕೆ ಎರಡು ವರ್ಷದ ತಂಗಿಗೂ ಅದೇ ಆಯಿತು. ಅದು ಊರಿನ ದೊಡ್ಡ ಕಾರ್ಖಾನೆ ಚಿಸ್ಸೊ ನಡೆಸುತ್ತಿದ್ದ ಆಸ್ಪತ್ರೆ. ಅಲ್ಲಿನ ಮುಖ್ಯ ವೈದ್ಯ ಹಜಿಮೆ ಹೊಸೊಕಾವಾ ಮೇ 1ರಂದು ಆರೋಗ್ಯ ಕೇಂದ್ರಕ್ಕೆ ವರದಿ ಕೊಟ್ಟರು. ಕಾರಣ ಗೊತ್ತಿಲ್ಲದ, ನರಮಂಡಲಕ್ಕೆ ಬಡಿಯುವ ರೋಗ ಹಬ್ಬುತ್ತಿದೆ ಅಂತ. ಅಂಟುರೋಗ ಇರಬಹುದು ಅಂತ ರೋಗಿಗಳ ಮನೆಗೆ ಔಷಧ ಸಿಂಪಡಿಸಿದರು. ನೆರೆಹೊರೆಯವರು ಹತ್ತಿರ ಬರುವುದನ್ನು ಬಿಟ್ಟರು. ಜನರ ಬಾಯಲ್ಲಿ ಅದು ‘ಕಿಬ್ಯೊ’ ಆಯಿತು, ಅಂದರೆ ವಿಚಿತ್ರ ರೋಗ.

ಚಿಸ್ಸೊ 1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುತ್ತಿತ್ತು. ಪ್ಲಾಸ್ಟಿಕ್ ಮೆತ್ತಗಾಗಲು ಬೇಕಾದ ವಸ್ತುಗಳಿಗೆ ಅದು ಮೂಲ. ತಯಾರಿಕೆಯಲ್ಲಿ ಪಾದರಸ ಬಳಸುತ್ತಿದ್ದರು. ಅದರ ಒಂದು ಭಾಗ ಮೀಥೈಲ್ ಮರ್ಕ್ಯುರಿ ಆಗಿ ಬದಲಾಗಿ ಕೊಳಚೆ ನೀರಿನ ಜೊತೆ ಕೊಲ್ಲಿಗೆ ಹೋಗುತ್ತಿತ್ತು. ಇದು ಸಾಮಾನ್ಯ ಪಾದರಸದ ಹಾಗಲ್ಲ. ಜೀವಿಗಳ ಮೈಯಲ್ಲಿ ಉಳಿದುಬಿಡುತ್ತದೆ. ಸಣ್ಣ ಜೀವಿಯನ್ನು ಚಿಕ್ಕ ಮೀನು ತಿಂದು, ಅದನ್ನು ದೊಡ್ಡ ಮೀನು ತಿಂದು, ಪ್ರತಿ ಹಂತದಲ್ಲೂ ವಿಷ ಗಟ್ಟಿಯಾಗುತ್ತ ಹೋಗುತ್ತದೆ. ಮನುಷ್ಯನ ಮೈಗೆ ಬಂದ ಮೇಲೆ ಇದು ಪೋಷಕಾಂಶದ ವೇಷ ಹಾಕಿಕೊಂಡು ಮಿದುಳಿನ ಕಾವಲನ್ನೇ ದಾಟುತ್ತದೆ. ಕೈಕಾಲು ಜೋಮು ಹಿಡಿಯುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ ನೋಟ ಕಿರಿದಾಗುತ್ತದೆ. ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ.

1959ನೇ ವರ್ಷದ ಮೇಲೆ ಸ್ವಲ್ಪ ನಿಲ್ಲಬೇಕು. ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಬಹುದಾಗಿದ್ದ ವರ್ಷ ಅದು. ಜುಲೈನಲ್ಲಿ ಕುಮಮೊಟೊ ವಿಶ್ವವಿದ್ಯಾಲಯದ ತಂಡ ಕಾರಣ ಪಾದರಸ ಅಂತ ಹೇಳಿತು. ಹೊಸೊಕಾವಾ ತಮ್ಮದೇ ಕಾರ್ಖಾನೆಯ ಅಸಿಟಾಲ್ಡಿಹೈಡ್ ಘಟಕದ ಕೊಳಚೆಯನ್ನು ಊಟಕ್ಕೆ ಬೆರೆಸಿ ಒಂದು ಬೆಕ್ಕಿಗೆ ತಿನ್ನಿಸುತ್ತ ಬಂದರು. ಪ್ರಯೋಗದ ಪುಸ್ತಕದಲ್ಲಿ ಅದು 400ನೇ ಬೆಕ್ಕು. ಅಕ್ಟೋಬರ್‌ನಲ್ಲಿ ಅದು ಕುಣಿಯಿತು. ಅವರು ಕಂಪನಿಗೆ ತಿಳಿಸಿದರು. ಕಂಪನಿ ಫಲಿತಾಂಶವನ್ನು ಮುಚ್ಚಿಟ್ಟಿತು. ನವೆಂಬರ್‌ನಲ್ಲಿ ಮೀನುಗಾರರು ಕಾರ್ಖಾನೆಗೆ ನುಗ್ಗಿದರು. ಕೊಳಚೆ ನಿಲ್ಲಿಸಿದರೆ ಊರೇ ಮುಳುಗುತ್ತದೆ ಅಂತ ಮೇಯರ್ ಮತ್ತು ಊರಿನ ಸಂಘಸಂಸ್ಥೆಗಳು ರಾಜ್ಯಪಾಲರ ಬಳಿ ಹೋಗಿ ಬೇಡಿಕೊಂಡವು. ಊರಿನ ಕೆಲಸ, ತೆರಿಗೆ, ಅಂಗಡಿ ಎಲ್ಲ ಚಿಸ್ಸೊ ಮೇಲೆ ನಿಂತಿತ್ತು. ಡಿಸೆಂಬರ್‌ನಲ್ಲಿ ಕಂಪನಿ ಕೊಳಚೆ ಶುದ್ಧ ಮಾಡುವ ಯಂತ್ರವೊಂದನ್ನು ಭಾರೀ ಸಮಾರಂಭ ಮಾಡಿ ಉದ್ಘಾಟಿಸಿತು. ಅದರಿಂದ ವಿಷ ಹೋಗುತ್ತಿರಲಿಲ್ಲ.

ವರ್ಷದ ಕೊನೆಗೆ, ಡಿಸೆಂಬರ್ 30ರಂದು, ಒಪ್ಪಂದಕ್ಕೆ ಸಹಿ ಬಿತ್ತು. ಸತ್ತವರಿಗೆ 3 ಲಕ್ಷ ಯೆನ್. ಬದುಕಿರುವ ದೊಡ್ಡವರಿಗೆ ವರ್ಷಕ್ಕೆ 1 ಲಕ್ಷ, ಮಕ್ಕಳಿಗೆ 30 ಸಾವಿರ. ಇದನ್ನು ಪರಿಹಾರ ಅಂತ ಕರೆಯಲಿಲ್ಲ. ಜಪಾನಿನಲ್ಲಿ ಕಾಯಿಲೆಯವರನ್ನು ನೋಡಲು ಹೋದಾಗ ಕೈಗಿಡುವ ಹಣಕ್ಕೆ ಒಂದು ಮಾತಿದೆ, ‘ಮಿಮಾಯಿಕಿನ್’. ಅದೇ ಹೆಸರು ಕೊಟ್ಟರು. ಒಳಗೆ ಒಂದು ಷರತ್ತೂ ಇತ್ತು. ಮುಂದೆ ರೋಗಕ್ಕೆ ಕಾರ್ಖಾನೆಯೇ ಕಾರಣ ಅಂತ ಗೊತ್ತಾದರೂ ಹೊಸದಾಗಿ ಏನನ್ನೂ ಕೇಳುವಂತಿಲ್ಲ. 400ನೇ ಬೆಕ್ಕಿನ ಫಲಿತಾಂಶ ಕೈಯಲ್ಲಿಟ್ಟುಕೊಂಡೇ ಕಂಪನಿ ಇದನ್ನು ಬರೆಸಿತ್ತು. ಸಹಿ ಹಾಕಿದವರು ಬಲೆ ಬಿಟ್ಟು, ಸಾಲದಲ್ಲಿ ಮುಳುಗಿ, ಹೊಸ ವರ್ಷಕ್ಕೆ ಮನೆಯಲ್ಲಿ ಅಕ್ಕಿ ಇಲ್ಲದೆ ಕೂತವರು. ಈ ಒಂದು ಷರತ್ತನ್ನು ನಾನು ಎಷ್ಟು ಸಲ ಓದಿದರೂ ಹೊಟ್ಟೆ ಉರಿಯುತ್ತದೆ.

ವಿಷ ಸಮುದ್ರಕ್ಕೆ ಹೋಗುವುದು ನಿಂತದ್ದು 1968ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಆ ತಯಾರಿಕೆಯ ವಿಧಾನವೇ ಹಳತಾಗಿತ್ತು. ಕಾರಣ ಚಿಸ್ಸೊ ಅಂತ ಸರ್ಕಾರ ಒಪ್ಪಿದ್ದು ಅದಾಗಿ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ. ನಡುವೆ 1965ರಲ್ಲಿ, ಅಲ್ಲಿಂದ ಬಹುದೂರದ ನೀಗಾತಾ ಪ್ರಾಂತ್ಯದ ಅಗಾನೊ ನದಿಯ ದಡದಲ್ಲಿ, ಬೇರೊಂದು ಕಂಪನಿಯ ಕೊಳಚೆಯಿಂದ, ಅದೇ ರೋಗ ಎರಡನೇ ಸಲ ಕಾಣಿಸಿಕೊಂಡಿತ್ತು.

ಈಗ ಸಿನಿಮಾಕ್ಕೆ ಬರುತ್ತೇನೆ. ಹಾರಾ ಅವರಿಗಿಂತ ಮೊದಲು ಇದೇ ದಡದಲ್ಲಿ ದಶಕಗಟ್ಟಲೆ ಕೆಲಸ ಮಾಡಿದವರು ನೊರಿಯಾಕಿ ತ್ಸುಚಿಮೊಟೊ. 1965ರಲ್ಲಿ ಟಿವಿಗಾಗಿ ಚಿತ್ರ ಮಾಡಲು ಮೊದಲ ಸಲ ಬಂದಾಗ, ರೋಗಿ ಮಗುವಿನ ಕಡೆ ಕೇಳದೆ ಕ್ಯಾಮೆರಾ ತಿರುಗಿಸಿದರು ಅಂತ ತಾಯಿಯೊಬ್ಬರು ಅವರನ್ನು ಚೆನ್ನಾಗಿ ಬೈದರು. ಅವರು ನಡುಗಿಹೋದರು. ಮತ್ತೆ ಬರಲು ಐದು ವರ್ಷ ಹಿಡಿಯಿತು. 1971ರಲ್ಲಿ ‘ಮಿನಮಾಟ: ರೋಗಿಗಳು ಮತ್ತು ಅವರ ಲೋಕ’ ಬಂತು. ಮೊಕದ್ದಮೆ ಹೂಡಿದ್ದ 29 ಕುಟುಂಬಗಳ ಮನೆಮನೆಗೆ ಹೋಗಿ, ತಿಂಗಳುಗಟ್ಟಲೆ ಅಲ್ಲೇ ಇದ್ದು ತೆಗೆದ ಕಪ್ಪುಬಿಳುಪು ಚಿತ್ರ. ಆ ಬೈಗುಳದ ಪಾಠ ಚಿತ್ರದ ಪ್ರತಿ ಫ್ರೇಮಿನಲ್ಲೂ ಕಾಣುತ್ತದೆ. ಕ್ಯಾಮೆರಾ ಅತಿಥಿಯ ಹಾಗೆ ಕೂತಿರುತ್ತದೆ.

ಅದರಲ್ಲಿ ಒಂದು ದೃಶ್ಯ ಇದೆ. ಮುದುಕರೊಬ್ಬರು ಸೊಂಟದವರೆಗಿನ ನೀರಲ್ಲಿ ನಡೆಯುತ್ತಿದ್ದಾರೆ. ತಳಕ್ಕೆ ಗಾಜು ಹಾಕಿದ ಪೆಟ್ಟಿಗೆಯನ್ನು ನೀರ ಮೇಲಿಟ್ಟು ಒಳಗೆ ಇಣುಕುತ್ತಾರೆ. ಈಟಿ ಹಾಕುತ್ತಾರೆ, ಆಕ್ಟೋಪಸ್ ಮೇಲೆ ಬರುತ್ತದೆ. ಅದರ ಕಣ್ಣುಗಳ ನಡುವೆ ಬಾಯಿ ಹಾಕಿ ಕಚ್ಚಿ ಕೊಲ್ಲುತ್ತಾರೆ. ಮತ್ತೆ ನಡೆಯುತ್ತಾರೆ. ಕ್ಯಾಮೆರಾ ಅವರ ಹಿಂದೆಯೇ ಹೋಗುತ್ತದೆ, ಸುಮ್ನೆ. ನೋಡುತ್ತ ಹೋದಂತೆ ಅರ್ಥವಾಗುತ್ತದೆ, ಇವರಿಗೆ ಸಮುದ್ರ ಅಂದರೆ ಅನ್ನದ ತಟ್ಟೆ. ಮೀನು ತಿನ್ನಬೇಡಿ ಅಂತ ಇವರಿಗೆ ಹೇಳುವುದು ಅಂದರೆ ಬದುಕಬೇಡಿ ಅಂದ ಹಾಗೆ. ಸಮುದ್ರದಿಂದ ತಾನಾಗಿ ಸಿಕ್ಕಿದ್ದಕ್ಕೆ ಅಲ್ಲಿಯವರು ‘ನೊಸರಿ’ ಅನ್ನುತ್ತಾರೆ. ಕೇಳದೆಯೇ ಪಾಲಿಗೆ ಬಂದದ್ದು ಅಂತ. ಕೆಲವು ರೋಗಿಗಳು ಮುಂದೆ ತಮ್ಮ ರೋಗವನ್ನೂ ನೊಸರಿ ಅಂದರು. ಹಾಗೆ ಅನ್ನುವ ಹಕ್ಕು ಅವರಿಗಿದೆ. ಅವರ ಬಾಯಿಂದ ಆ ಮಾತು ಬಂತು ಅಂತ ಕಂಪನಿಯ, ಸರ್ಕಾರದ ಹೊಣೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇದೇ ಚಿತ್ರದ ಕೊನೆಯ ಭಾಗ ಒಸಾಕಾದಲ್ಲಿ ನಡೆಯುತ್ತದೆ. ರೋಗಿಗಳು ಮತ್ತು ಅವರ ಬೆಂಬಲಿಗರು ಚಿಸ್ಸೊದ ಒಂದೊಂದು ಷೇರು ಕೊಂಡು, 1970ರ ನವೆಂಬರ್ 28ರ ಷೇರುದಾರರ ಸಭೆಗೆ ಹೋದರು. ಮೈಮೇಲೆ ಯಾತ್ರಿಕರ ಬಿಳಿ ಬಟ್ಟೆ, ಕೈಯಲ್ಲಿ ಗಂಟೆ, ಬಾಯಲ್ಲಿ ಬೌದ್ಧ ಯಾತ್ರೆಯ ಹಾಡು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹೆಂಗಸೊಬ್ಬರು ಅವರ ಹೆಸರಿನ ಫಲಕಗಳನ್ನು ಹಿಡಿದು ಕಂಪನಿಯ ಅಧ್ಯಕ್ಷರ ಮುಖದೆದುರು ನಿಂತು ಕೂಗುತ್ತಾರೆ. ಅವರು ಹಣದ ಬಗ್ಗೆ ಮಾತಾಡುವುದಿಲ್ಲ. ನನ್ನ ನೋವು ನಿನಗೆ ಗೊತ್ತಾಗುತ್ತಿದೆಯಾ ಅನ್ನುವುದೇ ಅವರ ಪ್ರಶ್ನೆ. ಎರಡು ವರ್ಷ ನಾಲ್ಕು ತಿಂಗಳ ನಂತರ, 1973ರ ಮಾರ್ಚ್ 20ರಂದು, ಕುಮಮೊಟೊ ಕೋರ್ಟು ಚಿಸ್ಸೊ ತಪ್ಪಿತಸ್ಥ ಅಂದಿತು. 1959ರ ಒಪ್ಪಂದ ನೀತಿಗೆ ವಿರುದ್ಧ ಅಂತ ಅದನ್ನು ರದ್ದು ಮಾಡಿತು. 160ರಿಂದ 180 ಲಕ್ಷ ಯೆನ್ ಪರಿಹಾರ ಕೊಡಿಸಿತು. ಆ 400ನೇ ಬೆಕ್ಕಿನ ವಿಷಯವೂ ಕೋರ್ಟಿನ ಮುಂದೆ ಬಂದಿತ್ತು. ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಹೊಸೊಕಾವಾ 1970ರಲ್ಲಿ ಆಸ್ಪತ್ರೆಯಿಂದಲೇ ಸಾಕ್ಷಿ ಹೇಳಿ, ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಹುಟ್ಟುವಾಗಲೇ ರೋಗ ಹೊತ್ತು ಬಂದ ಮಕ್ಕಳ ವಿಷಯ ಇನ್ನೊಂದು. ತಾಯಿಯ ಮಾಸು ಮಗುವನ್ನು ವಿಷದಿಂದ ಕಾಪಾಡುತ್ತದೆ ಅಂತ ಆಗಿನ ವೈದ್ಯಲೋಕ ನಂಬಿತ್ತು. ಮಸಾಜುಮಿ ಹರಾಡಾ ಎಂಬ ಯುವ ವೈದ್ಯ ಕೇರಿಗಳಲ್ಲಿ ಅಲೆಯುತ್ತ ತಾಯಂದಿರ ಮಾತು ಕೇಳಿದರು. ಈ ಮಗು ಒಂದು ತುಂಡು ಮೀನೂ ತಿಂದಿಲ್ಲ, ಆದರೂ ಹೀಗಾಗಿದೆ ಅಂತ ಅವರು ಹೇಳುತ್ತಿದ್ದರು. ತಾಯಂದಿರು ಹೇಳಿದ್ದೇ ಸರಿಯಾಗಿತ್ತು. ಮೀಥೈಲ್ ಮರ್ಕ್ಯುರಿ ಮಾಸನ್ನು ದಾಟಿ, ತಾಯಿಯ ಮೈಯಿಂದ ಮಗುವಿನ ಮಿದುಳಿಗೆ ಹೋಗುತ್ತಿತ್ತು. 1962ರ ಕೊನೆಗೆ 16 ಮಕ್ಕಳಿಗೆ ಹುಟ್ಟಿನಿಂದಲೇ ಬಂದ ಮಿನಮಾಟ ರೋಗ ಅಂತ ಒಪ್ಪಿಗೆ ಸಿಕ್ಕಿತು. ಜಪಾನಿನ ಮನೆಗಳಲ್ಲಿ ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಚಿಕ್ಕ ಮರದ ಡಬ್ಬಿಯಲ್ಲಿ ಜೋಪಾನ ಮಾಡುವ ಪದ್ಧತಿ ಇದೆ. ನಮ್ಮಲ್ಲೂ ಹಳೆಯ ಮನೆಗಳಲ್ಲಿ ಹಾಗೆ ಎತ್ತಿಡುತ್ತಿದ್ದರು. ಹರಾಡಾ ಆ ಡಬ್ಬಿಗಳನ್ನು ಕೇಳಿ ಪಡೆದು ಪರೀಕ್ಷೆ ಮಾಡಿಸಿದರು. ಯಾವ ವರ್ಷ ಹುಟ್ಟಿದ ಮಗುವಿನ ಬಳ್ಳಿಯಲ್ಲಿ ಎಷ್ಟು ವಿಷ ಅಂತ ತಿಳಿಯಿತು. ಯಾವ ಇಲಾಖೆಯೂ ಇಟ್ಟಿರದ ದಾಖಲೆಯನ್ನು ಅಮ್ಮಂದಿರು ಇಟ್ಟಿದ್ದರು.

ಮಿನಮಾಟದ ಎದುರಿನ ಕಡಲಿನ ಹೆಸರನ್ನೇ ಹೊತ್ತ, ತ್ಸುಚಿಮೊಟೊ ಅವರ 1975ರ ‘ಶಿರನುಯಿ ಸಮುದ್ರ’ ಚಿತ್ರದಲ್ಲಿ ಇದೇ ಹರಾಡಾ ದಡದಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಹುಟ್ಟಿನಿಂದ ರೋಗ ಇರುವ ಹದಿಹರೆಯದ ಹುಡುಗಿ. ತಲೆಗೆ ಆಪರೇಷನ್ ಮಾಡಿದರೆ ನಾನು ಸರಿಹೋಗುತ್ತೇನಾ ಅಂತ ಅವಳು ಕೇಳುತ್ತಾಳೆ. ಡಾಕ್ಟರಿಗೆ ಉತ್ತರ ಹೊರಡುವುದಿಲ್ಲ. ಎದುರಿಗೆ ಸಮುದ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ.

1973ರ ತೀರ್ಪಿಗೇ ಎಲ್ಲ ಮುಗಿಯಬೇಕಿತ್ತಲ್ವಾ? ಅಲ್ಲಿಂದಲೇ ಹೊಸ ಜಗಳ ಹುಟ್ಟಿತು. ಪರಿಹಾರ ದೊಡ್ಡದಾದ ಮೇಲೆ ಅರ್ಜಿಗಳು ಸಾವಿರಗಟ್ಟಲೆ ಬಂದವು. ಅಲ್ಲಿಯವರೆಗೆ ಹೆದರಿ ರೋಗ ಬಚ್ಚಿಟ್ಟವರೇ ಹೆಚ್ಚು. ಮಗಳಿಗೆ ಗಂಡು ಸಿಗುವುದಿಲ್ಲ, ಹಿಡಿದ ಮೀನು ಮಾರಾಟವಾಗುವುದಿಲ್ಲ ಅನ್ನುವ ಭಯ. ಈಗ ಅವರು ಮುಂದೆ ಬಂದರೆ ದುಡ್ಡಿನ ಆಸೆಯ ‘ನಕಲಿ ರೋಗಿಗಳು’ ಅನ್ನುವ ಹೆಸರು ಬಂತು. 1977ರಲ್ಲಿ ಸರ್ಕಾರ ಅಳತೆಗೋಲು ಬಿಗಿ ಮಾಡಿತು. ಬರೀ ಕೈಕಾಲು ಜೋಮು ಇದ್ದರೆ ಸಾಲದು, ನೋಟ ಕಿರಿದಾಗುವುದೋ ತೂರಾಡುವುದೋ, ಬೇರೆ ಲಕ್ಷಣವೂ ಜೊತೆಗೆ ಇರಬೇಕು. ಅಂದರೆ ತೀರಾ ಕೆಟ್ಟುಹೋದವರು ಮಾತ್ರ ರೋಗಿಗಳು. ಮಿನಮಾಟ ಇರುವ ಕುಮಮೊಟೊ ಪ್ರಾಂತ್ಯ, ಪಕ್ಕದ ಕಗೊಶಿಮಾ ಪ್ರಾಂತ್ಯ ಎರಡೂ ಕಡೆ ಸೇರಿ ಇಷ್ಟು ವರ್ಷದಲ್ಲಿ ಅಧಿಕೃತ ರೋಗಿಗಳು ಸುಮಾರು 2,280. ಆದರೆ 2009ರ ವಿಶೇಷ ಕಾಯ್ದೆಯಡಿ 21 ಲಕ್ಷ ಯೆನ್‌ನ ಸಣ್ಣ ನೆರವಿಗೆ, ಇಲ್ಲವೇ ಚಿಕಿತ್ಸೆಯ ಖರ್ಚಿಗೆ, ಅರ್ಜಿ ಹಾಕಿದವರು ನೀಗಾತಾ ಸೇರಿ ಸುಮಾರು 65 ಸಾವಿರ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ಮಿನಮಾಟದ ಇಂದಿನ ಸಮಸ್ಯೆ ಇದೆ.

ಹಾರಾ ತಮ್ಮ ಕ್ಯಾಮೆರಾ ಇಟ್ಟದ್ದು ಸರಿಯಾಗಿ ಅಲ್ಲಿ. ಅವರ ಚಿತ್ರದ ಮೊದಲ ಭಾಗದಲ್ಲಿ ಇಬ್ಬರು ವೈದ್ಯರು ಬರುತ್ತಾರೆ. ಅವರ ವಾದ ಸರಳ. ಇಷ್ಟು ದಿನ ಕೈಕಾಲಿನ ನರಗಳು ಕೆಟ್ಟಿವೆ ಅಂದುಕೊಂಡು ಪರೀಕ್ಷೆ ಮಾಡಿದ್ದೀರಿ. ಕೆಟ್ಟಿರುವುದು ಮಿದುಳಿನ ಹೊರಪದರ. ಅಲ್ಲಿ ಪೆಟ್ಟು ಬಿದ್ದರೆ ಸೂಜಿ ಚುಚ್ಚಿದ್ದು ಗೊತ್ತಾಗಬಹುದು, ಆದರೆ ಸೂಕ್ಷ್ಮ ಸ್ಪರ್ಶ ಹೋಗಿರುತ್ತದೆ. ಕಣ್ಣು ಮುಚ್ಚಿಸಿ ಬೆರಳ ತುದಿಗೆ ಎರಡು ಮೊನೆ ತಾಗಿಸಿ. ಎರಡು ಮೊನೆ ಅಂತ ನಮಗೆ ಕೆಲವೇ ಮಿಲಿಮೀಟರ್ ಅಂತರದಲ್ಲಿ ಗೊತ್ತಾಗುತ್ತದೆ. ಇವರಿಗೆ ದೂರ ದೂರ ಇಟ್ಟರೂ ಒಂದೇ ಅನ್ನಿಸುತ್ತದೆ. ಮೀನಿನ ತಾಜಾತನ ಮುಟ್ಟಿ ಹೇಳಬೇಕಾದವರಿಗೆ, ಬಲೆಯ ಗಂಟು ಬೆರಳಲ್ಲೇ ಕಾಣಬೇಕಾದವರಿಗೆ ಇದು ಎಂಥ ನಷ್ಟ! ಹೊರಗಿನಿಂದ ನೋಡಿದರೆ ಅವರು ಚೆನ್ನಾಗಿಯೇ ಇರುತ್ತಾರೆ. ಮೂರು ನಿಮಿಷದಲ್ಲಿ ಇದನ್ನು ಹೇಗೆ ಹೇಳುವುದು?

ಉಳಿದ ಗಂಟೆಗಳಲ್ಲಿ ಹಾರಾ ಬೇರೆಯದನ್ನೂ ತೋರಿಸುತ್ತಾರೆ. ಹುಟ್ಟಿನಿಂದ ರೋಗವಿರುವವರೊಬ್ಬರು ತಮ್ಮ ಮದುವೆಯ ಮೊದಲ ರಾತ್ರಿಯ ಬಗ್ಗೆ ನಾಚುತ್ತ ನಗುತ್ತ ಹೇಳುತ್ತಾರೆ. ಇನ್ನೊಬ್ಬ ಹೆಂಗಸು ತಾನು ಪ್ರೀತಿಸಿದ್ದ ಗಂಡಸರ ಎದುರು ಕೂತು ಹಳೆಯದನ್ನು ನೆನೆಯುತ್ತಾರೆ. ನಾನು ಜೋರಾಗಿ ನಕ್ಕೆ, ಆಮೇಲೆ ಗಂಟಲು ಕಟ್ಟಿತು. ಇವರು ಬರೀ ‘ಸಂತ್ರಸ್ತರು’ ಆಗಿ ಉಳಿಯಬೇಕಿಲ್ಲ ಅಂತ ಹಾರಾ ಗಟ್ಟಿಯಾಗಿ ನಂಬಿದ್ದಾರೆ. ಚಿತ್ರದ ಹೆಸರಲ್ಲಿರುವ ಮಂಡಲ ನಮಗೂ ಗೊತ್ತಿರುವ ಪದ. ತುಳುನಾಡಿನವರಿಗೆ ಕೂಡಲೇ ನಾಗಮಂಡಲದ ಬಣ್ಣದ ಸುತ್ತುಗಳು ಕಣ್ಣಿಗೆ ಬರುತ್ತವೆ. ಇಲ್ಲೂ ಹಾಗೆಯೇ, ಒಬ್ಬ ನಾಯಕ ಇಲ್ಲ. ರೋಗಿ, ವೈದ್ಯ, ವಕೀಲ, ಅಧಿಕಾರಿ ಎಲ್ಲರೂ ಒಂದೇ ವೃತ್ತದೊಳಗೆ ಬಂದು ಹೋಗುತ್ತಾರೆ.

ಕೋರ್ಟುಗಳು ಮಾತ್ರ ನಿಧಾನವಾಗಿಯಾದರೂ ರೋಗಿಗಳ ಕಡೆ ವಾಲಿವೆ. 2004ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ವಿಷ ನಿಲ್ಲಿಸದೆ ಕೈಕಟ್ಟಿ ಕೂತ ಸರ್ಕಾರವೂ ಹೊಣೆ ಅಂದಿತು. 2013ರಲ್ಲಿ, ಸ್ಪರ್ಶದ ತೊಂದರೆ ಒಂದೇ ಇದ್ದರೂ ರೋಗಿ ಅಂತ ಒಪ್ಪಬಹುದು ಅಂದಿತು. ಸರ್ಕಾರ 1977ರ ಅಳತೆಗೋಲನ್ನು ಬದಲಿಸಲಿಲ್ಲ. 2023ರ ಸೆಪ್ಟೆಂಬರ್ 27ರಂದು ಒಸಾಕಾ ಕೋರ್ಟು ಮೊಕದ್ದಮೆ ಹೂಡಿದ್ದ 128 ಜನರನ್ನೂ ರೋಗಿಗಳು ಅಂತ ಒಪ್ಪಿ ತಲಾ 27.5 ಲಕ್ಷ ಯೆನ್ ಕೊಡಿ ಅಂದಿತು. ಆರೇ ತಿಂಗಳಿಗೆ, 2024ರ ಮಾರ್ಚ್‌ನಲ್ಲಿ, ಕುಮಮೊಟೊ ಕೋರ್ಟಿನಲ್ಲಿ 144 ಜನ ಸೋತರು. ಅವರಲ್ಲಿ 25 ಮಂದಿಗೆ ರೋಗ ಇದೆ ಅಂತ ಒಪ್ಪಿಯೂ, ಪರಿಹಾರ ಕೇಳುವ 20 ವರ್ಷದ ಗಡುವು ಮೀರಿದೆ ಅಂತ ಹಣ ಕೊಡಲಿಲ್ಲ. ಬಚ್ಚಿಟ್ಟುಕೊಂಡು ಬದುಕಬೇಕಾದ ರೋಗಕ್ಕೆ ಗಡುವು ಹಾಕುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ.

ಪಾದರಸ ಬರೀ ಜಪಾನಿನ ಕಥೆ ಅಲ್ಲ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಕಡಲಲ್ಲಿ ಪಾದರಸ ಎಷ್ಟಿದೆ ಅಂತ ನಮ್ಮ ವಿಜ್ಞಾನಿಗಳೇ ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದ್ದರು. ಅಲ್ಲಿ ಮಿನಮಾಟ ಆಯಿತು ಅಂತ ನಾನು ಹೇಳುತ್ತಿಲ್ಲ. ಅಳೆದು ನೋಡುವವರು ಇರಬೇಕು, ಅಳೆದದ್ದು ಮೀನು ತಿನ್ನುವವರ ಕಿವಿಗೂ ಬೀಳಬೇಕು. ಪಾದರಸ ನಿಯಂತ್ರಿಸುವ ಜಾಗತಿಕ ಒಪ್ಪಂದಕ್ಕೆ ಮಿನಮಾಟದ ಹೆಸರೇ ಇದೆ. ಅದು 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಒಪ್ಪಿತು.

ಮಿನಮಾಟ ಕೊಲ್ಲಿಯ ವಿಷದ ಕೆಸರಿನ ಮೇಲೆ 58 ಹೆಕ್ಟೇರ್ ನೆಲ ಮಾಡಿದ್ದಾರೆ, ಅಲ್ಲಿ ಈಗ ಹಸಿರು ಉದ್ಯಾನ ಇದೆ. ಮೀನು ಹೊರಹೋಗದಂತೆ ಕೊಲ್ಲಿಗೆ ಕಟ್ಟಿದ್ದ ಬಲೆಯನ್ನು 1997ರಲ್ಲಿ ತೆಗೆದರು. ಆದರೆ ಶಿರನುಯಿ ಸಮುದ್ರದ ಸುತ್ತ ಎಷ್ಟು ಜನರಿಗೆ ವಿಷ ತಾಗಿತ್ತು ಅಂತ ಇಡೀ ಕರಾವಳಿಯ ಆರೋಗ್ಯ ಸಮೀಕ್ಷೆ ನಡೆದೇ ಇರಲಿಲ್ಲ. 2009ರ ಕಾಯ್ದೆಯಲ್ಲಿ ಅದರ ಮಾತು ಬರೆದಿದೆ. 2024ರ ಆ ಸಭೆಯ ಹೊತ್ತಿಗೂ ಅದು ಮಾತಾಗಿಯೇ ಇತ್ತು. ಬದಲಿಗೆ ನಕ್ಷೆಯ ಮೇಲೆ ಗೆರೆ ಎಳೆದರು. ಇಂಥ ಊರುಗಳು ಒಳಗೆ, ಇಂಥವು ಹೊರಗೆ. ಇಂಥ ತಾರೀಖಿಗೆ ಮೊದಲು ಹುಟ್ಟಿದವರು ಒಳಗೆ, ಆಮೇಲಿನವರು ಹೊರಗೆ.

ಮೀನಿಗೆ ಗೆರೆ ಗೊತ್ತಿಲ್ಲ. ಮಿನಮಾಟದ ಎದುರು ದಡದಲ್ಲಿ ಅಮಕುಸ ದ್ವೀಪಗಳಿವೆ. ನಡುವೆ ಇರುವುದು ಅದೇ ಸಮುದ್ರ. 1977ರಲ್ಲಿ ತ್ಸುಚಿಮೊಟೊ ತಮ್ಮ ಚಿತ್ರಗಳ ರೀಲು, ಪ್ರೊಜೆಕ್ಟರ್ ಹೊತ್ತುಕೊಂಡು ಆ ದಡದ ಹಳ್ಳಿಹಳ್ಳಿಗೆ ಹೋದರು. ಈ ರೋಗದ ಬಗ್ಗೆ ಯಾರೂ ಬಂದು ಏನೂ ಹೇಳಿರದ ಊರುಗಳು ಅವು. ಸಂಜೆ ಪರದೆ ಕಟ್ಟಿ ಚಿತ್ರ ತೋರಿಸಿದರು. ಪರದೆಯ ಮೇಲೆ ನಡುಗುತ್ತಿದ್ದ ಕೈಗಳನ್ನು ಜನ ನೋಡಿದರು. ಅದಾಗಿ 46 ವರ್ಷದ ಮೇಲೆ ಒಸಾಕಾದ ತೀರ್ಪು ಬಂತು. ಗೆರೆಯ ಆಚೆ ಇದ್ದವರೂ ಅದೇ ಮೀನು ತಿಂದವರು, ಅವರದೂ ಅದೇ ರೋಗ ಅಂತ ಅದರಲ್ಲಿ ಬರೆದಿತ್ತು. ಸರ್ಕಾರ ಮೇಲ್ಮನವಿ ಹಾಕಿತು.